ನೆಲಹಾಸಿನ ತೇಪೆ



ಕಳೆದ ಆಟಿ ತಿಂಗಳ ಒಂದು ಸಂಜೆ ನಮ್ಮ ತಾಯಿಯವರು ಚಾವಡಿಯಿಂದ ಅಡುಗೆಮನೆಗೆ ಹೋಗುವಾಗ ಹೊಸ್ತಿಲ ಬಳಿ ಎಡವಿ ಬಿದ್ದರು. ಎಲುಬು ಮುರಿಯಲಿಲ್ಲ, ಬಲಗೈಯ ಮಣಿಕಟ್ಟು ಉಳುಕಿ ಹದಿನೈದು ದಿನ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ಎಂಬತ್ತನಾಲ್ಕು ವರ್ಷದ ಜೀವಕ್ಕೆ ಅಷ್ಟರಲ್ಲಿ ಮುಗಿದದ್ದು ದೈವಕೃಪೆಯೆಂದೇ ನಾವು ತಿಳಿದಿದ್ದೇವೆ. ಅವರು ಎಡವಿದ್ದು ಹೊಸ್ತಿಲಿಗಲ್ಲ. ನೆಲಕ್ಕೆ ಹಾಸಿದ್ದ ವಿನೈಲ್ ಹಾಸಿನ ಅಂಚು ಅಲ್ಲಿ ಅರ್ಧ ಅಂಗುಲದಷ್ಟು ಮೇಲೆದ್ದು, ಒಣಗಿದ ಅಡಿಕೆ ಹಾಳೆಯಂತೆ ಮುರುಟಿಕೊಂಡಿತ್ತು. ಆ ಅಂಚನ್ನು ನಾವು ಎರಡು ತಿಂಗಳಿಂದ ದಿನಕ್ಕೆ ಹತ್ತು ಸಲ ದಾಟುತ್ತಿದ್ದೆವು. ಶಾಲೆಯ ಬೆಂಚಿನಲ್ಲಿ ಒಂದು ಮೊಳೆ ಎದ್ದರೆ ಆ ದಿನವೇ ಬಡಿಸುವ ನಾವು, ಸ್ವಂತ ಮನೆಯ ನೆಲದ ವಿಚಾರದಲ್ಲಿ ‘ರಜೆ ಬರಲಿ’ ಎಂದು ಕಾದಿದ್ದೆವು. ಆ ತಪ್ಪನ್ನು ಮೊದಲೇ ಒಪ್ಪಿಕೊಂಡು ಈ ತಿಂಗಳ ಲೇಖನವನ್ನು ಆರಂಭಿಸುತ್ತೇವೆ.

ಈ ಬಗೆಯ ಹಾಸು ಈಗ ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳಲ್ಲಿದೆ. ಅಂಗಡಿಯವರು ಫ್ಲೋರ್ ಮ್ಯಾಟ್ ಎನ್ನುತ್ತಾರೆ, ಮನೆಯ ಹೆಂಗಸರು ಪ್ಲಾಸ್ಟಿಕ್ ಚಾಪೆ ಎನ್ನುತ್ತಾರೆ, ಹಿರಿಯರಲ್ಲಿ ಕೆಲವರು ಲಿನೋಲಿಯಂ ಎಂದೂ ಕರೆಯುವುದುಂಟು. ಕಡೆಯ ಹೆಸರು ಮಾತ್ರ ಸರಿಯಲ್ಲ. ಲಿನೋಲಿಯಂ ಎಂಬುದು ಅಗಸೆಯ ಎಣ್ಣೆಯನ್ನು ಗಟ್ಟಿಯಾಗಿಸಿ, ಅದಕ್ಕೆ ಮರದ ಬೆಂಡಿನ ಪುಡಿಯನ್ನು ಸೇರಿಸಿ ಬಟ್ಟೆಯ ಮೇಲೆ ಹಚ್ಚಿ ಮಾಡುವ ಹಾಸು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ 1860ರ ದಶಕದಲ್ಲಿ ಅದನ್ನು ರೂಪಿಸಿದನು. ವಿನೈಲ್ ಬೇರೆಯೇ ಕುಲದ್ದು; ನೀರಿನ ಕೊಳವೆಗೆ ಬಳಸುವ ಪಿ.ವಿ.ಸಿ.ಯ ಒಡಹುಟ್ಟು. ಪಿ.ವಿ.ಸಿ. ಸ್ವಭಾವತಃ ಗಡುಸು. ಅಮೆರಿಕದ ವಾಲ್ಡೊ ಸೆಮನ್ ಎಂಬ ರಸಾಯನ ವಿಜ್ಞಾನಿ 1926ರಲ್ಲಿ ಅದಕ್ಕೆ ಮೆದುಗೊಳಿಸುವ ದ್ರವವನ್ನು ಬೆರೆಸಿ ರಬ್ಬರಿನಂತೆ ಬಾಗುವ ಹಾಗೆ ಮಾಡಿದನು. 1933ರ ಚಿಕಾಗೋ ಪ್ರದರ್ಶನದಲ್ಲಿ ವಿನೈಲ್ ನೆಲಹಾಸು ಜನರ ಕಣ್ಣಿಗೆ ಬಿತ್ತು.

ಮೇಷ್ಟರು ನೆಲದ ಮಾತು ಬಿಟ್ಟು ಪಾಠಕ್ಕೆ ಹೊರಟರೆಂದು ಬೇಸರಿಸಬೇಡಿ. ಆ ಮೆದುಗೊಳಿಸುವ ದ್ರವವನ್ನು ತಿಳಿಯದೆ ದುರಸ್ತಿಯ ವಿಚಾರ ಅರ್ಥವಾಗುವುದಿಲ್ಲ. ವರ್ಷಗಳು ಕಳೆದಂತೆ ಅದು ಸ್ವಲ್ಪಸ್ವಲ್ಪವಾಗಿ ಹಾಸನ್ನು ಬಿಟ್ಟು ಹೋಗುತ್ತದೆ; ಹಾಸು ಬಿರುಸಾಗಿ ಅಂಚು ಮುದುಡುತ್ತದೆ. ಅದೇ ದ್ರವ ಕೆಳಗಿನ ಅಂಟಿಗೆ ಇಳಿದರೆ ಕೆಲವು ಜಾತಿಯ ಅಂಟುಗಳು ಕರಗಿ ಬೆಲ್ಲದ ಪಾಕದಂತಾಗುತ್ತವೆ. ಬಾಗಿಲಲ್ಲಿ ರಬ್ಬರಿನ ಕಾಲೊರಸು ಇಟ್ಟವರ ಮನೆಯಲ್ಲಿ ಹಾಸಿನ ಮೇಲೆ ಹಳದಿ ಕಲೆ ಬೀಳುವುದನ್ನು ನೀವು ಕಂಡಿರಬಹುದು. ರಬ್ಬರಿನೊಳಗಿನ ರಾಸಾಯನಿಕ ವಸ್ತು ವಿನೈಲಿಗೆ ಇಳಿಯುವುದರಿಂದ ಬರುವ ಕಲೆ ಅದು. ಯಾವ ಸಾಬೂನಿಗೂ ಅದು ಹೋಗದು. ತಿಕ್ಕಿ ಕೈ ನೋಯಿಸಿಕೊಳ್ಳುವುದು ವ್ಯರ್ಥ.

ನಮ್ಮ ಮನೆಗೆ ಈ ಹಾಸು ಬಂದದ್ದು 2014ರಲ್ಲಿ, ಮಗಳ ನಿಶ್ಚಿತಾರ್ಥದ ಕಾಲಕ್ಕೆ. ಮನೆ ನಮ್ಮ ತಂದೆಯವರು 1964ರಲ್ಲಿ ಮುರಕಲ್ಲಿನಿಂದ ಕಟ್ಟಿಸಿದ್ದು. ನೆಲ ಕಾವಿಯದು. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿ ತಿಕ್ಕಿ ಅದಕ್ಕೆ ಮುಖ ಕಾಣುವ ಹೊಳಪು ತಂದವರು ನಮ್ಮ ತಾಯಿಯವರು. ಐವತ್ತು ವರ್ಷಗಳಲ್ಲಿ ಅಲ್ಲಲ್ಲಿ ಬಣ್ಣ ಹಾರಿತ್ತು. ಅಡುಗೆಮನೆಯ ಹೊಸ್ತಿಲಿನ ಈಚೆ ಒಂದು ಮೊಳ ಉದ್ದದ ಬಿರುಕು ಬಿದ್ದಿತ್ತು. ಬೀಗರು ಬರುವ ಮನೆಯಲ್ಲಿ ಒಡಕು ನೆಲ ಕಾಣಬಾರದೆಂದು ನಾವೂ ಮನೆಯವಳೂ ಕೂಡಿ ನಿಶ್ಚಯಿಸಿ, ಅಮೃತಶಿಲೆಯ ಚಿತ್ರವಿರುವ ಹಾಸನ್ನು ತಂದು ಚಾವಡಿಗೆಲ್ಲ ಹಾಸಿದೆವು. ಅಡುಗೆಮನೆಗೆ ಇನ್ನೊಂದು ಬಗೆಯದು. ಅಂಚುಗಳಿಗೆ ಮಾತ್ರ ಅಂಟು ಹಚ್ಚಿದ್ದೆವು. ಅಮ್ಮ ಬೇಡವೆನ್ನಲಿಲ್ಲ. “ನೆಲ ಮುಚ್ಚಿದರೆ ಅಡಿಯಲ್ಲಿ ಬೆವರ್ತದೆ ಮಗಾ” ಎಂದಷ್ಟೇ ಹೇಳಿ ಸುಮ್ಮನಾದರು. ನಾವು ಅದನ್ನು ವೃದ್ಧರ ಮಾತೆಂದು ಬಗೆದೆವು.

ಹನ್ನೊಂದು ವರ್ಷಗಳಲ್ಲಿ ಎರಡು ಕಡೆ ಹಾಸು ಕೆಟ್ಟಿತು. ಚಾವಡಿಯ ನಡುವೆ ಫ್ರಿಜ್ಜನ್ನು ಎತ್ತದೆ ಎಳೆದುದರಿಂದ ಗೇಣುದ್ದ ಹರಿದಿತ್ತು. ಹೊಸ್ತಿಲ ಬಳಿ ಯಾರೂ ಏನೂ ಎಳೆಯದೆ ಅಂಚು ತಾನಾಗಿಯೇ ಎದ್ದಿತ್ತು. ಈ ಎರಡು ಗಾಯಗಳು ಬೇರೆ ಬೇರೆ ರೋಗದವೆಂದು ನಮಗೆ ಆಗ ಹೊಳೆಯಲಿಲ್ಲ.

ಅಮ್ಮ ಬಿದ್ದ ಮರುದಿನವೇ ಪೇಟೆಗೆ ಓಡಿ, ಅದೇ ಚಿತ್ರದ್ದೆಂದು ಅಂಗಡಿಯಾತ ತೋರಿಸಿದ ಹಾಸಿನಲ್ಲಿ ಅರ್ಧ ಮೀಟರ್ ಕೊಂಡು ತಂದೆವು. ಹರಿದ ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು, ಅದರ ಅಳತೆಗೆ ಹೊಸ ತುಂಡನ್ನು ಬೇರೆಯಾಗಿ ಕತ್ತರಿಸಿ, ಬಡಗಿಗಳು ಬಳಸುವ ಬಿಳಿಯ ಗೋಂದಿನಿಂದ ಎರಡೂ ಕಡೆ ಅಂಟಿಸಿದೆವು. ಮಾಡಿ ಮುಗಿಸಿದಾಗ ಹೆಮ್ಮೆಯೂ ಆಯಿತು. ಮೂರು ವಾರಗಳೊಳಗೆ ಆ ಹೆಮ್ಮೆ ಇಳಿಯಿತು. ಚಾವಡಿಯ ತೇಪೆ ಸುತ್ತಲಿನ ಹಾಸಿಗಿಂತ ಬಿಳುಪಾಗಿ, ಗೋಡೆಗೆ ಅಂಟಿಸಿದ ಚೀಟಿಯಂತೆ ಕಾಣುತ್ತಿತ್ತು; ಒಂದು ಬದಿಯಲ್ಲಿ ಭತ್ತದ ಕಾಳು ಹಿಡಿಯುವಷ್ಟು ಸಂದು ಉಳಿದು ಅದರಲ್ಲಿ ಕೊಳೆ ಕೂತಿತು. ಹೊಸ್ತಿಲಿನದಂತೂ ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ಗೋಂದು ಮತ್ತೆ ಗಂಜಿಯಾಗಿತ್ತು, ನೆಲ ಒದ್ದೆ, ಹಾಸಿನ ಬೆನ್ನಿನಲ್ಲಿ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಅಮ್ಮನ ಮಾತು ನೆನಪಾಯಿತು. ಅವರಾಗಿ ಅದನ್ನು ಎತ್ತಿ ಆಡಲಿಲ್ಲ.

ಆಮೇಲೆ ನಾವು ಮಾಡಿದ ಮೊದಲ ಕೆಲಸ ದುರಸ್ತಿಯಲ್ಲ, ಪರೀಕ್ಷೆ. ಅದನ್ನು ಯಾರ ಮನೆಯಲ್ಲಿಯೂ ಮಾಡಬಹುದು. ಹಾಸಿನ ಒಂದು ಬದಿಯನ್ನು ಎಬ್ಬಿಸಿ ಹಿಂದಕ್ಕೆ ಸುರುಳಿ ಸುತ್ತಬೇಕು. ಬರಿಯ ನೆಲದ ಮೇಲೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಕಾಗದವನ್ನಿಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಗಾಳಿಯಾಡದಂತೆ ಮುಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಪ್ಲಾಸ್ಟಿಕ್ಕಿನ ಅಡಿಯಲ್ಲಿ ನೀರ ಹನಿಗಳು ಕಂಡರೆ ಅಥವಾ ನೆಲದ ಬಣ್ಣ ಕಪ್ಪಿಟ್ಟರೆ ತೇವವು ಭೂಮಿಯಿಂದ ಏಳುತ್ತಿದೆಯೆಂದು ಅರ್ಥ. ಹನಿ ಮೇಲ್ಗಡೆ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದರೆ ಹೋಗುತ್ತದೆ. ನಮ್ಮಲ್ಲಿ ಚಾವಡಿಯ ನಡುವಿನ ಅಡಿಭಾಗ ಒಣಗಿಯೇ ಇತ್ತು. ಹೊಸ್ತಿಲ ಬಳಿಯದರಲ್ಲಿ ಕೆಸುವಿನೆಲೆಯ ಮೇಲಿನಂತೆ ಹನಿಗಳು ತುಂಬಿದ್ದುವು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಆ ಗೋಡೆಯ ಆಚೆ ಬಚ್ಚಲು. ಬಚ್ಚಲಿನ ಕಾಲುವೆಯಲ್ಲಿ ಒಡಕಿತ್ತು. ಮುರಕಲ್ಲು ರಂಧ್ರಗಳ ಕಲ್ಲು. ಬುಡದಲ್ಲಿ ನೀರು ಸಿಕ್ಕರೆ ಹೀರಿಕೊಳ್ಳುತ್ತದೆ. ನಮ್ಮ ಮನೆಯನ್ನು ಕಟ್ಟುವಾಗ ನೆಲದಡಿಯಲ್ಲಿ ತೇವ ತಡೆಯುವ ಹಾಳೆಯನ್ನೇನೂ ಹಾಸಿರಲಿಲ್ಲ. ಅದರಿಂದ ಹಿಂದೆ ತೊಂದರೆಯೂ ಆಗಿರಲಿಲ್ಲ. ಏಕೆಂದರೆ ತೇವ ನಿಧಾನವಾಗಿ ಮೇಲೆದ್ದು ಗಾಳಿಗೆ ಆರಿಹೋಗುತ್ತಿತ್ತು. ವಿನೈಲ್ ಹಾಸಿ ನಾವು ಆ ದಾರಿಗೆ ಅಗಳಿ ಹಾಕಿದೆವು. ಹೀಗಿರುವಲ್ಲಿ ಎಷ್ಟು ಒಳ್ಳೆಯ ಅಂಟು ಹಚ್ಚಿದರೂ ಅದು ಮುಂದಿನ ಆಟಿಯವರೆಗೆ ಬಾಳುವಂಥದಲ್ಲ. ಆದುದರಿಂದ ಚಾವಡಿಯ ಹಾಸಿಗೆ ತೇಪೆ ಹಾಕುವುದೆಂದೂ, ಹೊಸ್ತಿಲಿನ ಮತ್ತು ಅಡುಗೆಮನೆಯ ಹಾಸನ್ನು ತೆಗೆದೇ ಬಿಡುವುದೆಂದೂ ನಿರ್ಧರಿಸಿದೆವು. ಹೊಸ್ತಿಲ ಬಳಿ ಮೂರಡಿ ಅಗಲದ ಪಟ್ಟಿಯನ್ನು ಆ ದಿನವೇ ಕತ್ತರಿಸಿ ತೆಗೆದು, ಉಳಿದ ಅಂಚು ಏಳದಂತೆ ಚಪ್ಪಟೆಯಾದ ಅಲ್ಯೂಮಿನಿಯಂ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದೆವು. ಉಳಿದುದಕ್ಕೆ ಬಿಸಿಲು ಬೇಕಾಗಿತ್ತು. ತುಲಾಮಳೆಯೂ ಕಳೆದು, ಕ್ರಿಸ್ಮಸ್ ರಜೆ ಬಂದಾಗ ಕೆಲಸಕ್ಕೆ ಕೈ ಹಚ್ಚಿದೆವು.

ಈ ಸಲ ತೇಪೆಯ ತುಂಡನ್ನು ಅಂಗಡಿಯಿಂದ ತರಲಿಲ್ಲ. ಹನ್ನೊಂದು ವರ್ಷ ಬೆಳಕು ಕಂಡ ಹಾಸಿಗೂ ಹೊಸ ಸುರುಳಿಗೂ ಬಣ್ಣ ಹೊಂದುವುದಿಲ್ಲವೆಂಬುದನ್ನು ಕಂಡಾಗಿತ್ತು. ನಮ್ಮ ಪುಸ್ತಕದ ಕಪಾಟನ್ನು ಸರಿಸಿ—ಈ ಸಲ ಎಳೆಯದೆ, ನಾಲ್ವರು ಕೂಡಿ ಎತ್ತಿ—ಅದರ ಅಡಿಯಲ್ಲಿದ್ದ ಹಾಸಿನಿಂದ ಒಂದು ತುಂಡನ್ನು ತೆಗೆದೆವು. ಅಲ್ಲಿ ಆದ ಕಿಟಕಿಗೆ ಅಂಗಡಿಯ ಬಿಳಿಯ ತುಂಡನ್ನೇ ಇಟ್ಟೆವು. ಕಪಾಟಿನ ಅಡಿಗೆ ಇಣುಕಿ ನೋಡುವ ಬೀಗರು ಯಾರಿದ್ದಾರೆ?

ಮುಖ್ಯವಾದ ಯುಕ್ತಿ ಇಲ್ಲಿದೆ. ತೇಪೆಯನ್ನೂ ರಂಧ್ರವನ್ನೂ ಬೇರೆ ಬೇರೆಯಾಗಿ ಕತ್ತರಿಸಬಾರದು. ಎರಡನ್ನೂ ಒಂದೇ ಗೆರೆಯಲ್ಲಿ, ಒಂದೇ ಚಾಕುವಿನಿಂದ ಒಟ್ಟಿಗೆ ಕತ್ತರಿಸಬೇಕು. ಹರಿದ ಭಾಗಕ್ಕಿಂತ ಎಲ್ಲ ಬದಿಗೂ ಎರಡು ಅಂಗುಲ ದೊಡ್ಡದಾದ ತುಂಡನ್ನು ಹರಿದ ಜಾಗದ ಮೇಲಿಟ್ಟು, ಚಿತ್ರದ ಗೆರೆಗೆ ಗೆರೆ ಕೂಡುವಂತೆ ಹೊಂದಿಸಿ, ಅಲುಗದಂತೆ ಅಂಟುಪಟ್ಟಿ ಹಚ್ಚಬೇಕು. ಈ ಹೊಂದಿಕೆಯಲ್ಲಿ ನಮ್ಮ ಕಣ್ಣಿಗಿಂತ ಮನೆಯವಳ ಕಣ್ಣು ಚುರುಕು. ಸೀರೆಯ ಅಂಚಿಗೆ ಅಂಚು ಕೂಡಿಸಿ ಹೊಲಿದ ಅಭ್ಯಾಸ. ಬಳಿಕ ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು, ಹೊಸ ಬ್ಲೇಡಿನ ಚಾಕುವನ್ನು ನೆಟ್ಟಗೆ ಹಿಡಿದು, ಎರಡು ಪದರಗಳೂ ಕಡಿಯುವಂತೆ ಗೆರೆ ಎಳೆಯಬೇಕು. ಒಂದೇ ಸಲ ಬಲ ಹಾಕುವುದಕ್ಕಿಂತ ಮೂರು ಸಲ ಹಗುರವಾಗಿ ಎಳೆಯುವುದು ಲೇಸು. ಬಲ ಹಾಕಿದ ಚಾಕು ಜಾರುತ್ತದೆ, ಬೆರಳಿಗೂ ಬರುತ್ತದೆ. ಚಿತ್ರದಲ್ಲಿ ಕಲ್ಲಿನ ಜೋಡಣೆಯ ಗೆರೆಗಳಿದ್ದರೆ ಅವುಗಳ ಮೇಲೆಯೇ ಕತ್ತರಿಸಿದಲ್ಲಿ ಸಂದು ಕಾಣುವುದೇ ಇಲ್ಲ. ನಾವು ಮೊದಲು ಹಳೆಯ ಕ್ಯಾಲೆಂಡರಿನ ಎರಡು ಹಾಳೆಗಳ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿದೆವು. ತರಬೇತಿಯ ಕಾಲದಲ್ಲಿ ಕೈಕೆಲಸದ ಗುರುಗಳು ನಮ್ಮ ಕೈಗೆ ಒಳ್ಳೆಯ ಕಾಗದವನ್ನು ಕೊಡುವ ಮೊದಲು ರದ್ದಿ ಕಾಗದವನ್ನೇ ಕೊಡುತ್ತಿದ್ದರು. ಆಗ ಅವರನ್ನು ಜಿಪುಣರೆಂದುಕೊಂಡಿದ್ದೆವು.

ಕತ್ತರಿಸಿದ ಮೇಲೆ ಹಳೆಯ ಚೌಕವನ್ನು ತೆಗೆದು, ನೆಲಕ್ಕೆ ಅಂಟಿದ್ದ ಗೋಂದನ್ನು ಕೆರೆದು, ಧೂಳನ್ನು ಪೂರ್ತಿಯಾಗಿ ಒರೆಸಿದೆವು. ಒಂದು ಮರಳಿನ ಕಣ ಉಳಿದರೂ ಮುಂದೆ ಅದು ಮೊಡವೆಯಂತೆ ಎದ್ದು ಕಾಣುತ್ತದೆ. ಅಂಟಿಗೆ ಬಿಳಿಯ ಗೋಂದು ಬೇಡ. ತೇವ ತಾಗಿದರೆ ಅದು ಮತ್ತೆ ಮೆದುವಾಗುತ್ತದೆ. ವಿನೈಲ್ ಹಾಸಿಗೆಂದೇ ಮಾಡಿದ ಅಕ್ರಿಲಿಕ್ ಅಂಟು ದೊರೆಯುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಬೇಕು. ನೆಲಕ್ಕೆ ತೆಳ್ಳಗೆ ಹಚ್ಚಿ, ಹಳೆಯ ಬಾಚಣಿಗೆಯಿಂದ ಗೀರಿ ಸಮನಾಗಿ ಹರಡಿದೆವು. ಸುತ್ತಲಿನ ಹಾಸಿನ ಅಡಿಗೂ ಎರಡಂಗುಲ ಒಳಗೆ ಹಚ್ಚಿದೆವು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದು, ಬೆರಳಿಗೆ ಜಿಗಿಯಾಗಿ ತಾಗುವ ಹದಕ್ಕೆ ತೇಪೆಯನ್ನಿಟ್ಟು, ಲಟ್ಟಣಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತಿ ಉರುಳಿಸಿದೆವು. ಮೇಲೆ ಉಕ್ಕಿ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿದೆವು. ಆಮೇಲೆ ಪ್ಲಾಸ್ಟಿಕ್ ಕಾಗದ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅಡಿಕೆಯ ಒಂದು ಗೋಣಿ. ಒಂದು ದಿನ ಹಾಗೆಯೇ ಬಿಟ್ಟೆವು. ಮೂರು ದಿನ ಅಲ್ಲಿ ನೀರಿನಿಂದ ಒರೆಸಲಿಲ್ಲ. ಸಂದಿಗೆ ಹಚ್ಚುವ ಒಂದು ದ್ರವ ದೊಡ್ಡ ಪಟ್ಟಣದ ಅಂಗಡಿಗಳಲ್ಲಿದೆ. ಅದು ಎರಡು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತದೆ. ಒರೆಸಿದ ನೀರು ಸಂದಿನಲ್ಲಿ ಇಳಿಯದಿರಲು ಅದು ಒಳ್ಳೆಯದು.

ಬದಿಯಡ್ಕದ ಕಡೆಯ ಓದುಗ ಸೋದರಿಯೊಬ್ಬರು ತಮ್ಮ ಮನೆಯ ಹಾಸು ಹರಿಯದೆ, ನಡುವೆ ಗುಳ್ಳೆಯಂತೆ ಉಬ್ಬಿದೆಯೆಂದು ಬರೆದಿದ್ದಾರೆ. ಅವರಿಗೂ ಮೊದಲು ಪ್ಲಾಸ್ಟಿಕ್ ಕಾಗದದ ಪರೀಕ್ಷೆಯನ್ನೇ ಹೇಳುತ್ತೇವೆ. ನೆಲ ಒಣಗಿದ್ದರೆ, ಗುಳ್ಳೆಯ ಮೇಲೆ ಚಿತ್ರದ ಗೆರೆಯನ್ನು ಅನುಸರಿಸಿ ಸಣ್ಣದಾಗಿ ಸೀಳಿ, ಗಾಳಿಯನ್ನು ಹೊರಡಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಒಳಗೆ ಸ್ವಲ್ಪ ಅಂಟು ಬಿಟ್ಟು ಒತ್ತಿ ಭಾರವಿಟ್ಟರೆ ಸಾಕು. ಮುದುಡಿದ ಅಂಚನ್ನು ಬಿಸಿಲಿಗೆ ಒಡ್ಡಿಯೋ, ದಪ್ಪ ಬಟ್ಟೆಯ ಮೇಲಿಂದ ಇಸ್ತ್ರಿಪೆಟ್ಟಿಗೆಯನ್ನು ಬಹು ಕಡಿಮೆ ಬಿಸಿಯಲ್ಲಿ ಆಡಿಸಿಯೋ ಮೆದುಗೊಳಿಸಬಹುದು. ಬಿಸಿ ಹೆಚ್ಚಿದರೆ ಹಾಸು ಸುಟ್ಟು ಕಟುವಾದ ವಿಷಗಾಳಿ ಹೊರಡುತ್ತದೆ. ತೆಗೆದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸವನ್ನೂ ದಯವಿಟ್ಟು ಬಿಡಿ. ಅದೇ ಗಾಳಿ ಮಕ್ಕಳು ಸ್ನಾನ ಮಾಡುವಲ್ಲಿ ತುಂಬಿಕೊಳ್ಳುತ್ತದೆ. ಸೀಮೆಎಣ್ಣೆ, ಥಿನ್ನರ್ ಮುಂತಾದವುಗಳಿಂದ ಹಾಸನ್ನು ಒರೆಸಿದರೆ ಹೊಳಪು ಕೆಡುತ್ತದೆ. ಇನ್ನೊಂದು ಮಾತು: 1980ರ ಸುಮಾರಿನ ಮತ್ತು ಅದಕ್ಕೂ ಹಿಂದಿನ ಕಟ್ಟಡಗಳಲ್ಲಿ ಹಾಕಿದ ಗಡುಸಾದ ವಿನೈಲ್ ಬಿಲ್ಲೆಗಳಲ್ಲಿ ಕಲ್ನಾರು ಸೇರಿರುವುದುಂಟು. ಅಂಥವನ್ನು ಉಜ್ಜುವುದು, ಒಡೆಯುವುದು, ಪುಡಿ ಗುಡಿಸುವುದು ಶ್ವಾಸಕೋಶಕ್ಕೆ ಅಪಾಯಕರ. ಅವುಗಳಿಗೆ ಕೈ ಹಚ್ಚದಿರುವುದೇ ಮೇಲು.

ಸೊಲ್ಲಾಪುರ, ಅಕ್ಕಲಕೋಟೆಗಳ ಬಂಧುಗಳಿಗೆ ಶಹಾಬಾದು ಫರಸಿಯ ನೆಲವಿರುತ್ತದೆ. ಕಲ್ಲುಗಳ ಸಂದನ್ನು ತುಂಬಿಸಿ ಸಮ ಮಾಡದೆ ತೆಳುವಾದ ಹಾಸನ್ನು ಹಾಸಿದರೆ ಸಂದಿನ ಗುಂಟ ಹರಿಯುತ್ತದೆ. ನೀಲಗಿರಿಯವರು ಚಳಿಯ ಬೆಳಗಿನಲ್ಲಿ ಸುರುಳಿಯನ್ನು ಬಿಚ್ಚಬಾರದು. ಸೆಟೆದ ಹಾಸು ಸೀಳುತ್ತದೆ. ಮಧ್ಯಾಹ್ನದ ಬಿಸಿಲು ಕಾಣಿಸಿ ಬಿಚ್ಚಲಿ.

ಹೊಸ್ತಿಲಿನ ಕತೆಯನ್ನು ಹೇಳುವುದು ಉಳಿಯಿತು. ಬಚ್ಚಲ ಕಾಲುವೆಯನ್ನು ಸರಿಪಡಿಸಿ, ಹಾಸನ್ನು ತೆಗೆದ ನೆಲವನ್ನು ಒಂದು ತಿಂಗಳು ಗಾಳಿಗೆ ಬಿಟ್ಟೆವು. ಕಾವಿಯ ನೆಲ ಮೇಲೆ ಬಿಳಿ ಬಿಳಿಯಾಗಿ ಉಪ್ಪು ಕಾರಿಕೊಂಡು, ಬಣ್ಣ ಮಂಕಾಗಿತ್ತು. ಒಣ ಬ್ರಷ್ಷಿನಿಂದ ಉಜ್ಜಿ ಉಪ್ಪನ್ನು ತೆಗೆದ ಮೇಲೆ, ಹಳೆಯ ಕೆಲಸ ಬಲ್ಲ ಗಾರೆ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಕಿತ್ತುಹೋದ ಕಡೆಗಳಲ್ಲಿ ಅವರು ಸಿಮೆಂಟಿಗೆ ಕಾವಿ ಬಣ್ಣ ಬೆರೆಸಿ ಹಚ್ಚಿ, ಬಿಗಿಯುವ ಹದದಲ್ಲಿ ಕರಣೆಯಿಂದ ಒತ್ತಿ ಒತ್ತಿ ತಿಕ್ಕಿದರು. ಹತ್ತು ಕಿಲೋ ಸಿಮೆಂಟಿಗೆ ಒಂದು ಕಿಲೋಗಿಂತ ಹೆಚ್ಚು ಬಣ್ಣ ಬೆರೆಸಬಾರದು, ಬೆರೆಸಿದರೆ ನೆಲ ಬಲವಿಲ್ಲದೆ ಪುಡಿಯಾಗುತ್ತದೆ. ಏಳು ದಿನ ನೀರು ನಿಲ್ಲಿಸಿ ಕಾದೆವು. ಹೊಸ ಭಾಗದ ಕೆಂಪು ಹಳೆಯದಕ್ಕೆ ಹೊಂದಲಿಲ್ಲ. ಹೊಂದುವುದಿಲ್ಲವೆಂದು ಮೇಸ್ತ್ರಿಯವರು ಮೊದಲೇ ಎಚ್ಚರಿಸಿದ್ದರು.

ಆ ಮೊಳ ಉದ್ದದ ಬಿರುಕನ್ನೂ ತುಂಬಲೆಂದು ಅವರು ಉಳಿ ಹಿಡಿದು ಕೂತಾಗ, ಜಗಲಿಯಲ್ಲಿದ್ದ ಅಮ್ಮ ಶಬ್ದ ಕೇಳಿ ಗೋಡೆ ಹಿಡಿದುಕೊಂಡು ಬಂದರು. ನಾಲ್ಕು ವರ್ಷಗಳಿಂದ ಅವರ ಕಣ್ಣು ಮಂದ. ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಬರಿಗಾಲಿನಿಂದ ನೆಲವನ್ನು ತಡವಿ, ಬಿರುಕಿನ ಮೇಲೆ ಹೆಬ್ಬೆರಳನ್ನು ನಿಲ್ಲಿಸಿದರು.

“ಇದನ್ನು ಮುಚ್ಚುವುದು ಬೇಡ” ಎಂದರು. “ಇದು ಕಾಲಿಗೆ ಸಿಕ್ಕಿದರೆ ಇನ್ನು ಎರಡು ಹೆಜ್ಜೆಗೆ ಹೊಸ್ತಿಲು ಅಂತ ಗೊತ್ತಾಗ್ತದೆ.”

“ಹಾಸು ಇದ್ದಾಗ ಹೇಗೆ ನಡೆಯುತ್ತಿದ್ದಿರಿ ಅಮ್ಮ?” ಎಂದು ಕೇಳಿದೆವು.

“ಲೆಕ್ಕ ಮಾಡಿಕೊಂಡು. ಚಾವಡಿಯ ಕಂಬದಿಂದ ಹದಿನಾಲ್ಕು ಹೆಜ್ಜೆ. ಆ ದಿನ ಯಾರೋ ಮಾತಾಡಿಸಿದಿರಿ, ಲೆಕ್ಕ ತಪ್ಪಿತು.”

ಮಾತಾಡಿಸಿದವರು ನಾವೇ. ಶಾಲೆಯಿಂದ ಬಂದು ಕೊಡೆಯನ್ನು ಮೂಲೆಗಿಡುತ್ತ, ಚಹಾ ಆಯಿತೇ ಎಂದು ಕೇಳಿದ್ದೆವು.

ಮೇಸ್ತ್ರಿಯವರು ಅಮ್ಮನೊಡನೆ ತುಳುವಿನಲ್ಲಿ ಎರಡು ಮಾತಾಡಿ ಉಳಿಯನ್ನು ಚೀಲಕ್ಕೆ ಹಾಕಿದರು. ಬಿರುಕಿನ ಅಂಚುಗಳು ಕಾಲಿಗೆ ತರಚದಂತೆ ಉಜ್ಜುಕಲ್ಲಿನಿಂದ ತಿಕ್ಕಿ ನುಣುಪಾಗಿಸಿ, ಬಿರುಕನ್ನು ಹಾಗೆಯೇ ಬಿಟ್ಟರು. ಅಮ್ಮ ಮನೆಯವಳನ್ನು ಕರೆದು ತೆಂಗಿನೆಣ್ಣೆಯ ಗಿಂಡಿಯನ್ನು ತರಿಸಿದರು. ಹೆಚ್ಚು ಸುರಿದರೆ ಜಾರುತ್ತದೆ, ಬಟ್ಟೆಗೆ ತಾಗಿಸಿದರೆ ಸಾಕು ಎಂದು ಹೇಳಿಕೊಟ್ಟರು. ಚಾವಡಿಯ ತೇಪೆಯ ಮೇಲೂ ಒಂದು ಸಲ ಪಾದ ಆಡಿಸಿ ನೋಡಿ, ಎಲ್ಲಿ ಎಂದು ನಮ್ಮನ್ನೇ ಕೇಳಿದರು.

ಮುಂದಿನ ತಿಂಗಳು, ಹಲವರು ಕೇಳಿರುವಂತೆ, ಬಾವಿಯ ರಾಟೆಯ ವಿಚಾರ ಬರೆಯುತ್ತೇವೆ.